ಮೂರು ಡಬ್ಬಿ ಖಾರ

ಬೀರುವಿನ ಮನೆಯಲ್ಲಿ ಖಾರಕ್ಕಾಗಿ ಜಗಳ ಆಗುವುದು ಹೊಸದಲ್ಲ. ಪಲ್ಯಕ್ಕೆ ಖಾರ ಹೆಚ್ಚಾಯಿತು ಎಂದು ಬೀರು, ಖಾರವೇ ಬಿದ್ದಿಲ್ಲ ಎಂದು ಅವನ ಅಪ್ಪ ಬಸಗೊಂಡ, ನಿಮ್ಮಿಬ್ಬರ ನಾಲಿಗೆಯೂ ಸತ್ತು ಹೋಗಿದೆ ಎಂದು ಅವನ ಅವ್ವ ಯಮನವ್ವ. ದಿನಕ್ಕೊಮ್ಮೆಯಾದರೂ ಇದು ನಡೆಯದಿದ್ದರೆ ಆ ಮನೆಯವರಿಗೆ ಉಂಡಂತೆ ಆಗುವುದಿಲ್ಲ. ಬೀರುವಿನ ಹೆಂಡತಿ ಮಾಯವ್ವ ಮಾತ್ರ ತಲೆ ಎತ್ತದೆ ರೊಟ್ಟಿ ಬಡಿಯುತ್ತಿರುತ್ತಾಳೆ. ಯಾರು ಎಷ್ಟೇ ಬೈದರೂ ಕಡೆಗೆ ಎಲ್ಲರೂ ಇನ್ನೊಂದು ರೊಟ್ಟಿ ಕೇಳುತ್ತಾರೆಂದು ಅವಳಿಗೆ ಗೊತ್ತು. ಆದರೆ ಈ ಸಲ ಆಷಾಢದಲ್ಲಿ ಹತ್ತಿಕೊಂಡ ಖಾರದ ಜಗಳ ಬೇರೆಯೇ ತರಹದ್ದು. ಅದು ಶುರುವಾದದ್ದು ಅಡುಗೆಮನೆಯಲ್ಲಲ್ಲ, ಮಗಳು ಸೋನಾಲಿಯ ಹರಿದ ಚೂಡಿದಾರದಿಂದ.

ಇವರ ಮನೆ ಇರುವುದು ಡಫಳಾಪುರದ ಹೊರಗೆ, ಮೂರು ಕಿಲೋಮೀಟರು ಆಚೆ, ಹೊಲದಲ್ಲಿ. ಒಂದಿಷ್ಟು ಕುರಿ, ಎರಡು ಎಮ್ಮೆ, ಒಂದು ನಾಯಿ, ಸುತ್ತ ಸಜ್ಜೆ ತೊಗರಿಯ ಹೊಲ, ದೂರದ ದಿನ್ನೆಯ ಮೇಲೆ ಸಾಲಾಗಿ ನಿಂತು ಗಾಳಿಗೆ ತಿರುಗುವ ಪವನಚಕ್ಕಿಗಳು. ಸೋನಾಲಿ ಹನ್ನೆರಡನೆ ಇಯತ್ತೆ ಮುಗಿಸಿ, ಹತ್ತಿರದ ಪೇಟೆ ಜತ್ತಿಗೆ ಹೋಗಿ ಕಂಪ್ಯೂಟರ್ ಕಲಿತು, ಊರ ಡೇರಿಯಲ್ಲಿ ಯಂತ್ರದಲ್ಲಿ ಹಾಲಿನ ಫ್ಯಾಟ್, ಅಂದರೆ ಕೊಬ್ಬು, ನೋಡುವ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಬೆಳಿಗ್ಗೆ ಐದಕ್ಕೆ ಡೇರಿಯ ಬಾಗಿಲು ತೆಗೆಯಬೇಕು. ಆ ಕೆಲಸವೆಂದರೆ ಅವಳಿಗೆ ಜೀವ. ಹಿಂದೆ ಇದ್ದವನು ಯಂತ್ರವನ್ನು ತನ್ನ ಕಡೆ ತಿರುಗಿಸಿಕೊಂಡು ಬಾಯಲ್ಲಿ ಬಂದದ್ದು ಹೇಳುತ್ತಿದ್ದ. ಇವಳು ಬಂದ ಮೊದಲ ದಿನವೇ ಅಂಕಿ ಕಾಣುವಂತೆ ಯಂತ್ರವನ್ನು ಹಾಲು ತಂದವರ ಕಡೆ ತಿರುಗಿಸಿ ಇಟ್ಟಳು. ಹೆಣ್ಣುಮಕ್ಕಳಿಗೆ ಮಾತಾಡಲು ಬಿಡದ ದೊಡ್ಡ ಮೀಸೆಯವರೂ ಈಗ ಕ್ಯಾನು ಹಿಡಿದು, "ಎಷ್ಟ ಬಂತವ್ವಾ?" ಎಂದು ಅವಳ ಮುಖ ನೋಡುತ್ತ ನಿಲ್ಲುತ್ತಿದ್ದರು.

ಊರು ಸೇರುವ ತಿರುವಿನಲ್ಲಿ ಕೋಳಿ ಅಂಗಡಿಯವರು ಪುಕ್ಕ, ಕರುಳು ಚೆಲ್ಲುತ್ತಾರೆ. ಅಲ್ಲಿ ಬೀಡುಬಿಟ್ಟ ನಾಯಿಗಳ ಹಿಂಡು ಒಂದು ಸೋಮವಾರ ನಸುಕಿನ ಕತ್ತಲಲ್ಲಿ ಸೋನಾಲಿಯ ಸ್ಕೂಟಿ ಬೆನ್ನಟ್ಟಿತು. ಕೆಲಸ ಮುಗಿಸಿ ಬೆಳಿಗ್ಗೆ ಎಂಟಕ್ಕೆ ಮನೆಗೆ ಬಂದಾಗ ಅವಳು ಒಂದು ಕಾಲು ಎಳೆಯುತ್ತಿದ್ದಳು.

"ಬಿದ್ದೀಯೇನು?" ಎಂದ ಬೀರು.

"ನಾ ಬಿದ್ದಿಲ್ಲ. ಗಾಡಿ ಬಿತ್ತು."

"ಮೊಣಕಾಲಾಗಿನ ರಕ್ತ ಯಾರದು? ಗಾಡೀದೇನು?"

ಮಾಯವ್ವ ಮಗಳನ್ನು ಒಳಗೆ ಕರೆದೊಯ್ದು ಕಾಲನ್ನು ಬೆಳಕಿಗೆ ಹಿಡಿದು ನೋಡಿದಳು. ಡಾಂಬರಿಗೆ ತರಚಿದ ಗಾಯ ಅಷ್ಟೇ, ಹಲ್ಲು ತಾಗಿರಲಿಲ್ಲ. ಚೂಡಿದಾರದ ಚುಂಗು ಮಾತ್ರ ನಾಯಿಯ ಬಾಯಿಗೆ ಹೋಗಿತ್ತು.

"ನಾಯಿ ಬಂದ್ರ ಓಡಬಾರದು," ಎಂದ ಬಸಗೊಂಡ, ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ. "ನಿಂತಬಿಡಬೇಕು. ನಾ ಅರವತ್ತ ವರ್ಷ ಕುರಿ ಕಾಯ್ದೀನಿ, ಒಂದ ನಾಯೀನೂ ನನ್ನ ಮುಟ್ಟಿಲ್ಲ."

"ಮುತ್ತ್ಯಾ, ನಾ ನಿಂತೆ. ನಿಂತ ಮ್ಯಾಲನ ಅದು ಹರದದ್ದು."

"ನಿಂತ ರೀತಿ ಸರಿ ಇದ್ದಿರಲಿಕ್ಕಿಲ್ಲ ಬಿಡು."

ಯಮನವ್ವ ಒಣಮೆಣಸಿನಕಾಯಿ, ಉಪ್ಪು ಹಿಡಿದು ಮೊಮ್ಮಗಳ ಮುಖಕ್ಕೆ ಮೂರು ಸುತ್ತು ನಿವಾಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿ ಕರ್ರಗೆ ಸುಟ್ಟವು, ಘಾಟು ಮಾತ್ರ ಬರಲಿಲ್ಲ. ಒಬ್ಬರೂ ಕೆಮ್ಮಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ತಾಗಿದೆ ಎಂದೇ ಲೆಕ್ಕ.

"ನೋಡ, ಭಾಳ ದೃಷ್ಟಿ ಆಗೇತಿ ಹುಡಿಗಿಗೆ," ಎಂದಳು ಯಮನವ್ವ.

ಬೀರುವಿಗೆ ಅಷ್ಟೇ ಸಾಕಾಯಿತು. "ಕೇಳಿದ್ರಿಲ್ಲ? ಅವ್ವನ ಹೇಳಾಕತ್ತಾಳ. ನಾಳಿಂದ ಡೇರಿ ಬಂದ್."

"ಅಪ್ಪಾ!"

"ಅಪ್ಪಾನೂ ಇಲ್ಲ, ಗಿಪ್ಪಾನೂ ಇಲ್ಲ. ಕತ್ತಲಾಗ ಒಬ್ಬಾಕಿ ಹೋಗೂದು ಮುಗೀತು. ನಾ ಕರಕೊಂಡ ಹೋದ್ರ ಹೋಗೂದು, ಇಲ್ಲಂದ್ರ ಇಲ್ಲ."

ಅವನು ಕೆಟ್ಟವನೇನಲ್ಲ. ಮಗಳಿಗೆ ಸ್ಕೂಟಿ ಕೊಡಿಸಲು ನಾಲ್ಕು ಟಗರು ಮಾರಿದವನೂ ಅವನೇ. ಆದರೆ ಹೆದರಿಕೆ ಹೊಕ್ಕರೆ ಅವನ ದನಿ ದೊಡ್ಡದಾಗುತ್ತದೆ, ಮಾತು ಸಣ್ಣದಾಗುತ್ತದೆ.

ಹಾಗೆ ಮಾರನೆಯ ದಿನದಿಂದ ಬೀರು ಮಗಳನ್ನು ಬೈಕಿನ ಹಿಂದೆ ಕೂಡಿಸಿಕೊಂಡು ಹೊರಟ. ಮೊದಲ ಎರಡು ದಿನ ಚೆನ್ನಾಗಿತ್ತು. ಮೂರನೆಯ ದಿನ ಮಳೆ ಹನಿಯಿತು, ಅವನು ಏಳಲಿಲ್ಲ. ನಾಲ್ಕನೆಯ ದಿನ ಎದ್ದ, ಆದರೆ ಚಪ್ಪಲಿ ಸಿಗಲಿಲ್ಲ. ಇತ್ತ ಬೀರುವಿನ ಕೈಗೇ ರೂಢಿಯಾಗಿದ್ದ ಕರಿ ಎಮ್ಮೆ ಮಾಯವ್ವನಿಗೆ ಹಾಲು ಕೊಡದೆ ಬಕೆಟ್ಟು ಒದೆಯಿತು. ಅತ್ತ ಡೇರಿಯ ಮುಂದೆ ಹಾಲಿನವರು ಕ್ಯಾನು ಇಟ್ಟುಕೊಂಡು ಬಾಗಿಲು ನೋಡುತ್ತ ನಿಂತರು. ಬಿತ್ತನೆ ಬೇರೆ ಬಾಕಿ ಇತ್ತು.

ಡೇರಿಯ ಚೇರಮನ್ ಬಾಳಾಸಾಹೇಬ ಮೊದಮೊದಲು ನಕ್ಕ. "ಬೀರಣ್ಣಾ, ನೀ ದಿನಾ ಬರೂದಾದ್ರ ನಿನಗೂ ಒಂದ ಕುರ್ಚಿ ಹಾಕಸ್ತೀನಿ ತಗೋ." ಮೂರು ಸಲ ತಡವಾದ ಮೇಲೆ ನಗು ಬಿಟ್ಟು ಸೋನಾಲಿಯನ್ನು ಒಳಗೆ ಕರೆದ.

"ನಿನ್ನ ಕೆಲಸದಾಗ ಒಂದು ಹೆಸರ ಇಡೂ ಹಂಗಿಲ್ಲ ನೋಡವ್ವಾ. ಆದ್ರ ಹಾಲು ನಿಂತ ಕಾಯೂದಿಲ್ಲ, ಒಡದ ಹೋಗತೈತಿ. ನಾಗರ ಪಂಚಮಿ ತನಕ ನೋಡ್ತೀನಿ. ಅಷ್ಟೊತ್ತಿಗೆ ನೀ ವ್ಯಾಳ್ಯಾಕ್ಕ ಬರೂದು ಪಕ್ಕಾ ಆಗಲಿಲ್ಲಂದ್ರ ಊರಾಗಿನವರನ್ನ ಯಾರನಾರ ತಗೋಬೇಕಾಗತೈತಿ."

ಅಪ್ಪನ ಬೈಕಿನ ಹಿಂದೆ ಕೂತು ಬರುವಾಗ ಸೋನಾಲಿಗೆ ತಾನು ಹಗ್ಗ ಕಟ್ಟಿ ಹಿಡಿದುಕೊಂಡು ಹೋಗುವ ಕರುವಿನಂತೆ ಇದ್ದೇನೆ ಎನ್ನಿಸಿ ಸಿಟ್ಟು ಬಂತು. ಅತ್ತರೆ ಅಪ್ಪ ಇನ್ನಷ್ಟು ಗಟ್ಟಿಯಾಗುತ್ತಾನೆಂದು ಅಳಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಅವಳು ಮೊಬೈಲು ತೆಗೆದು ಎಲ್ಲರಿಗೂ ತೋರಿಸಿದಳು. "ಇದಕ್ಕ ಪೆಪ್ಪರ್ ಸ್ಪ್ರೇ ಅಂತಾರ. ಮೆಣಸಿನಕಾಯಿ ಸತ್ವ ತಗದು ಡಬ್ಬ್ಯಾಗ ತುಂಬಿರತಾರ. ಒತ್ತಿದ್ರ ಮಾರಿಗೆ ಹೊಡೀತೈತಿ. ನಾಯಿ ಇರಲಿ, ಮಂದಿ ಇರಲಿ, ಹತ್ತರ ಬರಂಗಿಲ್ಲ. ಇದು ಕೈಯಾಗ ಇದ್ರ ನಾ ಒಬ್ಬಾಕೀನ ಹೋಗ್ತೀನಿ."

ಯಮನವ್ವ ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಬೆಲೆ ಕೇಳಿ ಕೆಂಡವಾದಳು. "ಖಾರ ರೊಕ್ಕಾ ಕೊಟ್ಟ ತರೂದು? ನನ್ನ ಮನಿಗೆ? ಸಂಕೇಶ್ವರಿ ಮೆಣಸಿನಕಾಯಿ ಬಿಸಲಿಗೆ ಒಣಗಿಸಿ ಡಬ್ಬಿ ತುಂಬ ಕುಟ್ಟಿಟ್ಟೀನಿ. ಅದೇನ ಸತ್ತೈತೇನು? ನಾಳಿಗೆ ನಾ ಮಾಡಿ ಕೊಡ್ತೀನಿ, ನಾಯಿ ಅಲ್ಲ, ಆನಿ ಓಡಬೇಕು."

ಮರುದಿನ ಅವಳು ಇಡೀ ಮಧ್ಯಾಹ್ನ ಒಲೆಯ ಮುಂದೆ ಕೂತಳು. ಖಾರ ಕುದಿಸಿ, ಬಟ್ಟೆಯಲ್ಲಿ ಸೋಸಿ, ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಗೆ ತುಂಬಿದಳು. ಸಂಜೆ ಅಂಗಳದಲ್ಲಿ ಮನೆಮಂದಿಯೆಲ್ಲ ನೋಡುತ್ತಿರಲು ಒತ್ತಿದಳು. ಒಂದು ಸಲ ಸುರ್ರೆಂದು ಹಾರಿ ನೆಲಕ್ಕೆ ಬಿತ್ತು, ಎರಡನೆಯ ಸಲ ಬೀಜ ಸಿಕ್ಕಿಕೊಂಡು ನಿಂತೇಹೋಯಿತು. ಬಿದ್ದಷ್ಟನ್ನು ಮೂಸಿ ನೋಡಿದ ಮನೆಯ ನಾಯಿ ಬಾಲ ಅಲ್ಲಾಡಿಸುತ್ತ ನೆಲ ನೆಕ್ಕಿತು.

"ಆಯಿ, ಇದರಾಗ ಏನೇನ ಹಾಕೀದಿ?" ಎಂದು ಸೋನಾಲಿ ಅಜ್ಜಿಯನ್ನು ಕೇಳಿದಳು.

"ಖಾರ. ಉಪ್ಪು. ನಾಕ ಎಸಳ ಬಳ್ಳೊಳ್ಳಿ. ಒಂಚೂರು ಜೀರಗಿ."

"ಬಳ್ಳೊಳ್ಳಿ ಯಾಕ?"

"ಬಳ್ಳೊಳ್ಳಿ ಇಲ್ದ ಖಾರ ಹೆಂಗ ಕುದಸೂದು?" ಎಂದಳು ಯಮನವ್ವ, ಇದೆಂಥ ಪ್ರಶ್ನೆ ಎನ್ನುವಂತೆ. ಅರವತ್ತು ವರ್ಷ ಆಡಿದ ಕೈ, ನಾಯಿಗೆಂದು ಮಾಡಿದರೂ ರುಚಿ ನೋಡಿಯೇ ಮಾಡಿತ್ತು.

ಬಸಗೊಂಡ ಬಾಟಲಿಯ ಮುಚ್ಚಳ ತೆಗೆದು ಬೆರಳಿಗೆ ಸವರಿ ನೆಕ್ಕಿದ. "ಒಗ್ಗರಣಿ ಒಂದ ಕಡಿಮಿ ಆಗೇತಿ ನೋಡು," ಎಂದ. ಆ ರಾತ್ರಿ ರೊಟ್ಟಿಗೆ ಅದನ್ನೇ ಹಚ್ಚಿಕೊಂಡು ತಿಂದರು. ಬೀರು ಕೂಡ ನಕ್ಕ. ನಕ್ಕವನು ಮತ್ತೆ, "ನಕ್ಕೀನಿ ಅಂತ ಹೂಂ ಅಂದಂಗಲ್ಲ," ಎಂದು ಸೇರಿಸುವುದನ್ನು ಮರೆಯಲಿಲ್ಲ.

ಸೋನಾಲಿ ತನ್ನ ಸೋದರಮಾವ ಅನಿಲನಿಗೆ ಫೋನು ಮಾಡಿದಳು. ಅನಿಲನದು ಜತ್ತಿನಲ್ಲಿ ಮೊಬೈಲ್ ಅಂಗಡಿ. ಏನು ಕೇಳಿದರೂ ಇಲ್ಲ ಎನ್ನುವ ಅಭ್ಯಾಸ ಅವನಿಗಿಲ್ಲ. ಭಾನುವಾರ ಚೀಲ ತೂಗುಹಾಕಿಕೊಂಡು ಬಂದವನು ಕಟ್ಟೆಯ ಮೇಲೆ ಮೂರು ಡಬ್ಬಿ ಸಾಲಾಗಿ ಇಟ್ಟ. ಒಂದು ಬಿಳಿ, ಒಂದು ಹಸಿರು, ಒಂದು ಕಪ್ಪು.

"ಈ ಬಿಳೀದು ಮಂದಿಗೆ. ಒತ್ತಿದ್ರ ಮಂಜಿನಂಗ ಹರಡತೈತಿ, ಗುರಿ ಹಿಡಿಯೂ ತ್ರಾಸ ಇಲ್ಲ. ಈ ಕರೇದೂ ಮಂದಿಗೇ, ಆದ್ರ ಇದು ಹರಡೂದಿಲ್ಲ, ಪಿಚಕಾರಿ ಹಂಗ ಸೀದಾ ಹೋಗತೈತಿ. ಈ ಹಸರದು ನಾಯಿಗೆ ಅಂತನ ಮಾಡಿದ್ದು, ಇದರಾಗ ಖಾರ ತೆಳ್ಳಗ ಇರತೈತಿ."

"ನಾಯಿಗೆ ತೆಳ್ಳಗ ಯಾಕ?" ಎಂದು ಮಾಯವ್ವ ಕೇಳಿದಳು.

"ನಾಯಿ ಮೂಗು ನಮಗಿಂತ ಚುರುಕ ಅಕ್ಕಾ. ಓಡಿ ಹೋದ್ರ ಸಾಕಲ್ಲ, ಕುರುಡ ಮಾಡೂದೇನೈತಿ?"

"ಪೊಲೀಸರು ಹಿಡದ್ರ?" ಎಂದ ಬೀರು.

"ದಾಜೀ, ತನ್ನ ಜೀವಾ ಕಾಯ್ಕೊಳ್ಳಾಕ ಇಟ್ಕೊಂಡ್ರ ಯಾರು ಹಿಡೀತಾರ? ಅಂಗಡ್ಯಾಗ ಇಟ್ಟ ಮಾರತಾರ," ಎಂದ ಅನಿಲ ಅಕ್ಕನ ಗಂಡನಿಗೆ.

"ಗಾಳಿ ಬಂದು ತನ್ನ ಕಣ್ಣಿಗೇ ಬಿದ್ರ?"

ಇದಕ್ಕೆ ಅನಿಲ ಉತ್ತರ ಹುಡುಕುವಷ್ಟರಲ್ಲಿ ಬಸಗೊಂಡ ಎದ್ದು ನಿಂತ. "ಗಾಳಿ ಮಾತ ನನಗ ಬಿಡ್ರಿ. ಕುರಬನಿಗೆ ಗಾಳಿ ಕಲಸ್ತೀರೇನು?" ಎಂದು ಬಿಳಿ ಡಬ್ಬಿ ಎತ್ತಿಕೊಂಡ. ಬೇವಿನ ಮರಕ್ಕೆ ಹಳೆಯ ಗೋಣಿಚೀಲ ನೇತುಹಾಕಿ ಅದೇ ಕಳ್ಳ ಎಂದು ಎಲ್ಲರೂ ಒಪ್ಪಿಕೊಂಡರು. ಬಸಗೊಂಡ ಒಂದು ಹಿಡಿ ಮಣ್ಣು ತೂರಿ ಗಾಳಿ ನೋಡಿದ, ಪವನಚಕ್ಕಿಗಳ ಕಡೆ ನೋಡಿದ, ತಲೆಯ ಮೇಲಿನ ಪಟಗ ಸರಿಮಾಡಿಕೊಂಡ. "ಪಡುವಣ ಗಾಳಿ. ನನ್ನ ಬೆನ್ನಿಗೆ ಐತಿ," ಎಂದ. ಎಲ್ಲ ಸರಿಯಾಗಿಯೇ ಇತ್ತು. ಆದರೆ ಡಬ್ಬಿಯ ಬಾಯಿ ಯಾವ ಕಡೆಗಿದೆ ಎಂದು ನೋಡುವುದನ್ನು ಮರೆತಿದ್ದ.

ಅರವತ್ತು ವರ್ಷ ಒಂದು ನಾಯಿಯೂ ಮುಟ್ಟದ ಮುದುಕ ಮುಖ ಮುಚ್ಚಿಕೊಂಡು ಅಂಗಳದ ತುಂಬ ಗಿರಗಿರ ತಿರುಗಿದ. ಅನಿಲ "ನೀರು, ನೀರು" ಎಂದು ಕೂಗಿದ, ಸೋನಾಲಿ ಕೊಡ ತಂದು ಸುರಿದಳು. ಯಮನವ್ವ ಗಂಡನ ತಲೆ ಹಿಡಿದು ಸೆರಗಿನಿಂದ ಗಾಳಿ ಹಾಕುತ್ತ, "ಸುಮ್ನ ಕುಂದರಬಾರದಾ? ಎಲ್ಲಾದರಾಗೂ ಮುಂದ," ಎಂದು ಬೈಯುತ್ತ ನಗುತ್ತಿದ್ದಳು.

ತಾಸಾದ ಮೇಲೆ ಬಸಗೊಂಡನ ಕಣ್ಣು ತೆರೆದವು. ಹೊರಬಿದ್ದ ಮೊದಲ ಮಾತು ಇದು: "ಇದು ಚಲೋ ಐತಿ. ಆದ್ರ ನಾಯಿಗೆ ಇದನ್ನ ಹೊಡದ್ರ ನಾ ಕೇಳಂಗಿಲ್ಲ. ನಾಯಿ ನಮ್ಮ ಮನಿ ಮಕ್ಕಳಿದ್ದಂಗ. ಅದಕ್ಕ ಹಸರದ ಸಾಕು."

ಉಳಿದ ಪರೀಕ್ಷೆಯನ್ನು ಸೋನಾಲಿಯೇ ಮಾಡಿದಳು. ಹಸಿರು ಡಬ್ಬಿ ಐದಾರು ಹೆಜ್ಜೆ ದೂರ ಹೋಗುತ್ತಿತ್ತು, ಬಿಳಿಯದು ಅಷ್ಟೇ ದೂರ ಹೋದರೂ ಗಾಳಿ ಬೀಸಿದರೆ ಸೊಂಟ ತಿರುಗಿಸಿ ಎತ್ತಲೋ ಹೋಗುತ್ತಿತ್ತು. ಕಪ್ಪು ಮಾತ್ರ ಗಾಳಿಗೆ ಜಗ್ಗದೆ ಬೇವಿನ ಮರಕ್ಕೇ ಹೋಗಿ ಬಡಿಯಿತು. ಅವಳು ಲೆಕ್ಕ ಹಾಕಿದಳು: ಹಸಿರು ನಾಯಿಗೆ, ಎಡಗೈ ಕಡೆ ಸ್ಕೂಟಿಯ ಖಾನೆಯಲ್ಲಿ. ಕಪ್ಪು ಮಂದಿಗೆ, ಬಲಗಡೆ ಜಾಕೀಟಿನ ಜೇಬಿನಲ್ಲಿ. ಬಿಳಿಯದು ಬೇಡ.

"ದಂಡಿಗೆ ಹೊಂಟಾಳ," ಎಂದ ಬೀರು. "ಎಲ್ಲಾ ಖರೆ. ಚೀಲಕ್ಕ ಯಾರರ ಹೊಡೀತಾರ. ಎದುರ ಮನಿಷ್ಯಾ ನಿಂತಾಗ ನಿನ್ನ ಕೈ ನಡಗಿದ್ರ? ಡಬ್ಬಿ ಕೈಯಾಗನ ಉಳೀತೈತಿ. ಆಗ ಏನ ಮಾಡ್ತೀ?"

ಸೋನಾಲಿ ಕೈಯಲ್ಲಿದ್ದ ಕಪ್ಪು ಡಬ್ಬಿಯ ಕಡೆ ನೋಡಿದಳು. ನಡುಗುವುದೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ.

"ಹೇಳ್ರಿ, ನಿಮ್ಮ ಕೈ ಎಂದೂ ನಡಗಿಲ್ಲೇನು?" ಎಂದು ಮಾಯವ್ವ ಗಂಡನ ಕಡೆ ತಿರುಗಿದಳು. ಅವಳು ಮಾತಾಡುವುದೇ ಅಪರೂಪ, ಆಡಿದರೆ ಎಲ್ಲರೂ ಕೇಳಬೇಕಾಗುತ್ತದೆ. "ಆಕಿ ಕೆಲಸ ಬಿಟ್ಟ ಮನ್ಯಾಗ ಕುಂತ ಮ್ಯಾಲ ನಿಮಗ ನಿದ್ದಿ ಬರತೈತೇನು? ನನಗ ಬರಂಗಿಲ್ಲ."

"ದೃಷ್ಟಿ ಆಗೇತಿ ಅಂತ ಅವ್ವನ ಹೇಳ್ಯಾಳ," ಎಂದು ಬೀರು ಹಳೆಯ ಗೂಟಕ್ಕೇ ಹೋಗಿ ನಿಂತ. ಅಷ್ಟೊತ್ತಿಗೆ ಪಂಚಮಿಗೆ ಎಂಟು ದಿನವಷ್ಟೇ ಉಳಿದಿತ್ತು.

ನಾಗರ ಅಮಾವಾಸ್ಯೆಯ ಸಂಜೆ. ಮಾಯವ್ವ ಹೋಳಿಗೆಗೆ ಹೂರಣ ರುಬ್ಬುತ್ತಿದ್ದಳು. ಬೀರು ಒಲೆಯ ಪಕ್ಕ ಕೂತು ಕೈ ಕಾಯಿಸುತ್ತಿದ್ದ. ಯಮನವ್ವನಿಗೆ ಮೊಮ್ಮಗಳ ದೃಷ್ಟಿ ತೆಗೆಯುವ ಮನಸ್ಸಾಯಿತು. ಮೆಣಸಿನಕಾಯಿ ಹಿಂದಿನ ಸಲ ಕೆಲಸಕ್ಕೆ ಬಂದಿರಲಿಲ್ಲ, ದೃಷ್ಟಿ ಅಷ್ಟು ಗಟ್ಟಿ ಇದ್ದ ಮೇಲೆ ಗಟ್ಟಿ ಮೆಣಸಿನಕಾಯಿಯೇ ಬೇಕು ಎಂದುಕೊಂಡಳು. ಗೂಡಿನಲ್ಲಿ ಯಾರಿಗೂ ಬೇಡವಾಗಿ ಕೂತಿದ್ದ ಬಿಳಿ ಡಬ್ಬಿಯ ಮೇಲೆ ಕೆಂಪು ಮೆಣಸಿನಕಾಯಿಯ ಚಿತ್ರ ಇತ್ತು. ಸೋನಾಲಿಯನ್ನು ಒಲೆಯ ಮುಂದೆ ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿ, ಡಬ್ಬಿಯನ್ನು ಮುಖಕ್ಕೆ ಮೂರು ಸುತ್ತು ನಿವಾಳಿಸಿದಳು. "ನಾಯಿ ಕಣ್ಣು, ನರಿ ಕಣ್ಣು, ಓಣ್ಯಾಗಿನ ಹೆಂಗಸರ ಕಣ್ಣು, ಡೇರ್ಯಾಗಿನ ಗಂಡಸರ ಕಣ್ಣು..."

"ಆಯಿ, ಅದನ್ನ ಏನ ಮಾಡ್ತೀ?"

"ಒಲಿಗೆ ಹಾಕ್ತೀನಿ. ಮತ್ತೇನ ಮಾಡ್ತಾರ?"

ಪೂರಾ ಡಬ್ಬಿ ಒಲೆಗೆ ಎಸೆದಿದ್ದರೆ ಏನಾಗುತ್ತಿತ್ತೋ. ಪುಣ್ಯಕ್ಕೆ ಯಮನವ್ವ ಜಿಪುಣಿ. ಉಳಿದದ್ದು ಮತ್ತೊಮ್ಮೆ ಬರಲಿ ಎಂದು ಒಂದೇ ಒಂದು ಸಲ, ಅದೂ ಸ್ವಲ್ಪವೇ, ಉರಿಯ ಕಡೆಗೆ ಒತ್ತಿದಳು.

ಒಲೆ ಭುಗಿಲ್ಲೆಂದಿತು. ಯಮನವ್ವನ ಸೆರಗಿನ ಅಂಚು ಕರಕಾಯಿತು. ಆಮೇಲೆ ಬಂದ ಘಾಟಿಗೆ ಆ ಮನೆಯಲ್ಲಿ ನಿಲ್ಲುವುದು ಯಾರಿಂದಲೂ ಆಗಲಿಲ್ಲ. ಬೀರು ಕಿಟಕಿಯ ಕಡೆ ಓಡಿ ಗೋಡೆಗೆ ಬಡಿದುಕೊಂಡ. ಮಾಯವ್ವ ಹೂರಣದ ಪಾತ್ರೆಯನ್ನು ಎದೆಗೆ ಅವಚಿಕೊಂಡು ಹೊರಗೆ ಹಾರಿದಳು. ಬಸಗೊಂಡ ಹೊರಗೆ ಕಟ್ಟೆಯ ಮೇಲಿದ್ದವನು, "ಮತ್ತ ನನಗ ಹೊಡದ್ರಪೋ," ಎಂದು ಕಂಬಳಿ ಹೊದ್ದುಕೊಂಡ. ಎಮ್ಮೆಗಳೂ ಸೀನಿದವು. ಐದೂ ಜನ ತುಂತುರು ಮಳೆಯಲ್ಲಿ ಅಂಗಳದಲ್ಲಿ ನಿಂತು ಕೆಮ್ಮಿ, ಸೀನಿ, ಕಣ್ಣೀರು ಸುರಿಸಿದರು. ಮೊದಲು ನಕ್ಕವಳು ಸೋನಾಲಿ. ಆಮೇಲೆ ಕೆಮ್ಮು ಯಾವುದು ನಗು ಯಾವುದು ಎಂದು ತಿಳಿಯದಂತಾಯಿತು.

ಕೆಮ್ಮು ತುಸು ನಿಂತಾಗ ಯಮನವ್ವನ ಮುಖ ಬೆಳಗುತ್ತಿತ್ತು. "ಘಾಟ ಬಂತು!" ಎಂದಳು. "ನೋಡಿದ್ರ್ಯಾ? ಎಂಥಾ ಘಾಟ ಬಂತು! ನನ್ನ ಜನ್ಮದಾಗ ಇಂಥಾ ಘಾಟ ನೋಡಿಲ್ಲ. ಹುಡಿಗಿ ಮ್ಯಾಲ ಒಬ್ಬರ ಕಣ್ಣೂ ಇಲ್ಲ. ಎಲ್ಲಾ ಸುಟ್ಟ ಹೋತು."

"ಯವ್ವಾ, ಅದು..." ಎಂದ ಬೀರು.

"ಅದೂ ಇಲ್ಲ, ಇದೂ ಇಲ್ಲ. ಘಾಟ ಬರಲಿಲ್ಲ ಅಂದಾಗ ನನ್ನ ಮಾತ ಹಿಡದಿ. ಬಂದಾಗ ಬಿಡ್ತೀಯೇನು? ನಾಳಿಂದ ಹುಡಿಗಿ ಹೋಗತಾಳ. ನೀ ಎಮ್ಮಿ ಹಿಂಡು."

ಬೀರು ಬಾಯಿ ತೆರೆದ, ಮತ್ತೆ ಕೆಮ್ಮು ಬಂತು. ಎಲ್ಲರೂ ಅದನ್ನೇ ಒಪ್ಪಿಗೆ ಎಂದು ತಿಳಿದರು. ಪಂಚಮಿಯ ತನಕ ಒಬ್ಬಳೇ ಹೋಗಿ ನೋಡಲಿ ಎಂದಾಯಿತು. ಒಂದು ಸಲ ಏನಾದರೂ ಹೆಚ್ಚುಕಡಿಮೆಯಾದರೆ ಆವತ್ತಿಗೇ ಕೆಲಸ ಮುಗಿಯಿತು ಎಂಬ ಷರತ್ತು ಹಾಕಿ ಬೀರು ತನ್ನ ಮಾನ ಉಳಿಸಿಕೊಂಡ. ಮಗಳ ಹಿಂದೆ ಹೋಗುವುದಿಲ್ಲ ಎಂದು ಅವನಿಂದ ಮಾತು ತೆಗೆದುಕೊಂಡವಳು ಮಾಯವ್ವ.

ಮೊದಲ ದಿನ ಕೋಳಿ ಅಂಗಡಿಯ ತಿರುವಿನಲ್ಲಿ ನಾಯಿಗಳು ಎದ್ದು ಬಂದವು. ಸೋನಾಲಿ ಗಾಡಿ ನಿಲ್ಲಿಸಿ ಹಸಿರು ಡಬ್ಬಿಯನ್ನು ಒಂದೇ ಸಲ ಒತ್ತಿದಳು. ಮುಂದಿನ ನಾಯಿ ಸೀನಿ, ಮೂಗನ್ನು ಮಣ್ಣಿಗೆ ಉಜ್ಜಿ, ತನಗೇನೂ ಆಗಿಲ್ಲ ಎನ್ನುವಂತೆ ಬೇರೆ ಕಡೆ ನೋಡುತ್ತ ಹೊರಟುಹೋಯಿತು. ಉಳಿದವು ಹಿಂದೆಯೇ ಹೋದವು. ಮರುದಿನ ಒಂದೆರಡು ಬೊಗಳಿದವು, ಏಳಲಿಲ್ಲ. ಡೇರಿಯ ಬಾಗಿಲು ಐದಕ್ಕೆ ತೆರೆಯಿತು. ಬಾಳಾಸಾಹೇಬ ಗಡಿಯಾರ ನೋಡಿ ತಲೆಯಾಡಿಸಿದ.

ಪಂಚಮಿಯ ಹಿಂದಿನ ದಿನ. ಸೋನಾಲಿ ಅರ್ಧ ದಾರಿ ಬಂದಿದ್ದಳು. ಹಿಂದೆ ಒಂದು ಬೈಕಿನ ಸದ್ದು ಕೇಳಿತು, ಬೆಳಕು ಕಾಣಲಿಲ್ಲ. ಅವಳು ನಿಧಾನ ಮಾಡಿದಳು, ಸದ್ದೂ ನಿಧಾನವಾಯಿತು. ಅವಳು ಜೋರು ಮಾಡಿದಳು, ಅದೂ ಜೋರಾಯಿತು. ದೀಪ ಆರಿಸಿಕೊಂಡು ಬರುವವನು ಒಳ್ಳೆಯದಕ್ಕೆ ಬರುತ್ತಾನೆಯೇ? ಓಡಿದರೆ ಮುಂದೆ ಇಳಿಜಾರು, ಕೆಸರು. ದಾರಿ ಬದಿಯ ಬಾವಿಯ ಹತ್ತಿರ ಗಾಡಿ ನಿಲ್ಲಿಸಿ ಇಳಿದು, ಗಾಳಿ ಬೆನ್ನಿಗೆ ಬರುವಂತೆ ತಿರುಗಿ ನಿಂತು, ಕಪ್ಪು ಡಬ್ಬಿ ತೆಗೆದು ಬೆರಳಿನಿಂದ ಬಾಯಿ ಎತ್ತ ಇದೆ ಎಂದು ತಡವಿ ನೋಡಿಕೊಂಡಳು.

ಬೈಕು ಅವಳು ನಿಂತದ್ದನ್ನು ಕಾಣದೆ ತೀರ ಹತ್ತಿರ ಬಂದು ಗಕ್ಕನೆ ನಿಂತಿತು. ಮೇಲಿದ್ದವನು ಗಡಿಬಿಡಿಯಲ್ಲಿ ಹೆಗಲ ಮೇಲಿನ ಟಾವೆಲ್ಲು ಎಳೆದು ಮುಖ ಮುಚ್ಚಿಕೊಂಡ.

"ಯಾರದು? ಮಾರಿ ತೋರಸು."

ಅವನು ಮಾತಾಡದೆ ಇಳಿದು, ಬೈಕು ತಿರುಗಿಸಲು ಹೋಗಿ, ಒಂದು ಹೆಜ್ಜೆ ಅವಳ ಕಡೆಗೇ ಬಂದ. ಸೋನಾಲಿ ಒತ್ತಿದಳು. ಸ್ಕೂಟಿಯ ಹಿಂದಿನ ದೀಪದ ಮಂದ ಬೆಳಕಿನಲ್ಲಿ ಟಾವೆಲ್ಲಿನ ಮೇಲೆ ಕಾಣುತ್ತಿದ್ದ ಎರಡು ಕಣ್ಣಿಗೆ ನೇರ ಹೋಗಿ ಬಡಿಯಿತು. ಅವನು "ಅಯ್ಯಯ್ಯೋ" ಎಂದು ಬೈಕಿನ ಸಮೇತ ಬದುವಿನ ಹುಲ್ಲಿನ ಮೇಲೆ ಉರುಳಿದ. ಅವಳು ಹಿಂದೆ ನೋಡದೆ ಗಾಡಿ ಹತ್ತಿದಳು.

ಡೇರಿಯ ಬಾಗಿಲು ತೆಗೆದು, ಯಂತ್ರ ಹಚ್ಚಿ, ಆಮೇಲೆ ಹೇಳಿದಳು: "ಬಾವಿ ಹತ್ರ ಒಬ್ಬ ಮಾರಿ ಮುಚ್ಚಿಕೊಂಡ ನನ್ನ ಬೆನ್ನ ಹತ್ತಿದ್ದ. ಹೊಡದ ಬಂದೀನಿ. ಹೋಗಿ ನೋಡ್ರಿ."

ಹಾಲಿನವರು ಕ್ಯಾನು ಅಲ್ಲೇ ಬಿಟ್ಟು, ಕೈಗೆ ಸಿಕ್ಕ ಕೋಲು ಹಿಡಿದು ಓಡಿದರು. ಬಾಳಾಸಾಹೇಬನೂ ಧೋತರ ಎತ್ತಿ ಕಟ್ಟಿ ಓಡಿದ. ಅರ್ಧ ತಾಸಿನಲ್ಲಿ ಇಬ್ಬರು ಒಬ್ಬನನ್ನು ರಟ್ಟೆ ಹಿಡಿದು ತಂದರು, ಇನ್ನೊಬ್ಬ ಬೈಕು ನೂಕಿಕೊಂಡು ಬಂದ. ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು.

"ಕಳ್ಳ ಸಿಕ್ಕಾನ, ಸೋನಾಲಿ," ಎಂದ ಬಾಳಾಸಾಹೇಬ. "ಭಾಳ ದೊಡ್ಡ ಕಳ್ಳ. ನಮ್ಮ ಡೇರಿಗೇ ಎಮ್ಮಿ ಹಾಲ ಹಾಕತಾನ."

ಕಣ್ಣು ತೆರೆಯಲಾಗದೆ ಮೂಗು ಬಾಯಿಯೆಲ್ಲ ಸುರಿಸುತ್ತ ನಿಂತಿದ್ದವನು ಬೀರು.

"ಅಪ್ಪಾ!" ಸೋನಾಲಿಯ ಕೈಯಿಂದ ಹಾಲಿನ ಸೌಟು ಬಿತ್ತು. "ನೀ ಯಾಕ ದನಿ ಕೊಡಲಿಲ್ಲ?"

"ದನಿ ಕೊಟ್ಟಿದ್ರ ನಾ ಬಂದೀನಿ ಅಂತ ಗೊತ್ತ ಆಗ್ತಿತ್ತಲ್ಲ!" ಎಂದ ಬೀರು ಅಳುದನಿಯಲ್ಲಿ. ಡೇರಿಯೆಲ್ಲ ಗೊಳ್ಳೆಂದಿತು.

ಯಾರೋ ಹಾಲು ಹಾಕಿ ತೊಳೆಯಿರಿ ಎಂದರು. ಮತ್ತೊಬ್ಬ, "ಎಮ್ಮೀದು ಬ್ಯಾಡ್ರಿ, ಆಕಳದ ಹಾಕ್ರಿ, ಎಮ್ಮಿ ಹಾಲಿಗೆ ರೇಟ್ ಭಾಳ," ಎಂದ. ಬೀರುವನ್ನು ಕಟ್ಟೆಯ ಮೇಲೆ ಕೂಡಿಸಿ ಕೊಡಗಟ್ಟಲೆ ನೀರು ಸುರಿದು, ಮೇಲೆ ಒಂದು ತಂಬಿಗೆ ಆಕಳ ಹಾಲನ್ನೂ ಸುರಿದರು. ಸೋನಾಲಿ ಅಪ್ಪನ ತಲೆ ಹಿಡಿದು ನಿಂತಿದ್ದಳು. ಭಯ, ನಾಚಿಕೆ, ನಗು ಎಲ್ಲ ಕೂಡಿ ಅವಳ ಕಣ್ಣಲ್ಲೂ ನೀರು ಬಂದಿತ್ತು. ಇವತ್ತಿಗೆ ಕೆಲಸ ಹೋಯಿತು ಎಂದೇ ಅವಳು ಅಂದುಕೊಂಡಳು. ಹೆಚ್ಚುಕಡಿಮೆ ಆಗಿಯೇ ಬಿಟ್ಟಿತ್ತಲ್ಲ.

"ಹಂಗಾದ್ರ ಬೀರಣ್ಣಾ," ಎಂದು ಬಾಳಾಸಾಹೇಬ ಗಂಟಲು ಸರಿಮಾಡಿಕೊಂಡ, "ಪಂಚಮಿ ಮ್ಯಾಲ ಏನ ಮಾಡೂನು? ಊರಾಗಿನವರನ್ನ ನೋಡ್ಲ್ಯಾ?"

ಬೀರು ಮುಖ ಎತ್ತಿದ. ಕಣ್ಣು ಟೊಮೆಟೊ ಹಣ್ಣಾಗಿದ್ದವು, ಮೀಸೆಯಿಂದ ಹಾಲು ತೊಟ್ಟಿಕ್ಕುತ್ತಿತ್ತು.

"ಬರತಾಳ. ಒಬ್ಬಾಕೀನ ಬರತಾಳ. ಯಾರಿಗಾರ ಅನುಮಾನ ಇದ್ರ ನನ್ನ ಮಾರಿ ನೋಡ್ರಿ." ಆಮೇಲೆ ಮಗಳ ಕಡೆ, ಅವಳು ನಿಂತಿದ್ದಾಳೆಂದು ತಾನು ತಿಳಿದ ಕಡೆ ತಿರುಗಿ, "ನಿನ್ನ ಕೈ ಒಂಚೂರೂ ನಡಗಲಿಲ್ಲ ಬಿಡವ್ವಾ," ಎಂದ. ಆ ದನಿಯಲ್ಲಿ ಉರಿಯೂ ಇತ್ತು, ಹೆಮ್ಮೆ ಅದಕ್ಕಿಂತ ಹೆಚ್ಚಿತ್ತು.

"ನಡಗಿತ್ತು ಅಪ್ಪಾ," ಎಂದಳು ಸೋನಾಲಿ. "ನಡಗಿದ್ರೂ ಒತ್ತಿದೆ."

ಹಾಲಿನ ಸಾಲು ರಸ್ತೆಯ ತನಕ ಬೆಳೆದಿತ್ತು. ಅವಳು ಕಣ್ಣೊರೆಸಿಕೊಂಡು ಕೈ ತೊಳೆದು ಯಂತ್ರದ ಮುಂದೆ ಹೋಗಿ ಕೂತಳು.

ಮನೆಯಲ್ಲಿ ಮೂರು ಹೊತ್ತೂ ಅದೇ ಮಾತಾಯಿತು. ಮಾತು ಮುರಿದದ್ದಕ್ಕೆ ಮಾಯವ್ವ ಗಂಡನಿಗೆ ಪಂಚಮಿಯ ಉಂಡೆ ಕೊಡುವುದಿಲ್ಲ ಎಂದು ಹೇಳಿ ಎರಡು ಹೆಚ್ಚೇ ಕೊಟ್ಟಳು. "ಬಿಳೀದು ಭಾರೀನೋ, ಕರೇದು ಭಾರೀನೋ?" ಎಂದು ಬಸಗೊಂಡ ಮಗನನ್ನು ಪಕ್ಕಕ್ಕೆ ಕೂಡಿಸಿಕೊಂಡು ವಿಚಾರಿಸಿದ. ಇಬ್ಬರೂ ಅನುಭವಸ್ಥರಾಗಿ ಬಹಳ ಹೊತ್ತು ಚರ್ಚಿಸಿದರು. ಬಿಳಿಯದು ಮುಖ ಪೂರ್ತಿ ಹಿಡಿಯುತ್ತದೆ, ಕಪ್ಪು ಕಣ್ಣನ್ನೇ ಹುಡುಕಿ ಹೋಗುತ್ತದೆ ಎಂದು ತೀರ್ಮಾನವಾಯಿತು. ತನ್ನ ಬೆಳ್ಳುಳ್ಳಿಯ ಬಾಟಲಿಯ ಹೆಸರನ್ನು ಯಾರೂ ಎತ್ತಲಿಲ್ಲವೆಂದು ಯಮನವ್ವ ಸ್ವಲ್ಪ ಹೊತ್ತು ಮುನಿಸಿಕೊಂಡಳು.

ಪಂಚಮಿಯ ದಿನ ಬೆಳಗಿನ ನಾಲ್ಕೂವರೆಗೆ ಸೋನಾಲಿ ಸ್ಕೂಟಿಯನ್ನು ಅಂಗಳದಿಂದ ಹೊರಗೆ ನೂಕಿದಳು. ಎಮ್ಮೆ ಹಿಂಡಲು ಇನ್ನೂ ಹೊತ್ತಿತ್ತು. ಗೇಟಿನ ಹತ್ತಿರ ನಿಂತು ಕಿವಿಗೊಟ್ಟು ಕೇಳಿದಳು, ಬೈಕಿನ ಕೀಲಿಯ ಸದ್ದು, ಚಪ್ಪಲಿಯ ಸದ್ದು, ಏನಾದರೂ. ಒಳಗಿನಿಂದ ಕೇಳಿದ್ದು ಒಂದೇ ಸದ್ದು. ಅಪ್ಪ ಗೊರಕೆ ಹೊಡೆಯುತ್ತಿದ್ದ. ಅವಸರವಿಲ್ಲದ, ಉದ್ದನೆಯ, ಹೊಟ್ಟೆ ತುಂಬ ಗೊರಕೆ.

ಸೋನಾಲಿಗೆ ಬಾಯಿ ತುಂಬ ನಗು ಬಂತು. ಬಾಗಿಲಲ್ಲಿ ದೀಪ ಹಿಡಿದು ನಿಂತಿದ್ದ ಮಾಯವ್ವನೂ ಒಳಗೆ ತಿರುಗಿ ನೋಡಿ ನಕ್ಕಳು.

"ಎಬ್ಬಸಬ್ಯಾಡ," ಎಂದಳು ಮೆಲ್ಲಗೆ. "ನೀ ಹೋಗು, ಹಾಲಿನವರು ಬಂದ ನಿಂತಿರತಾರ."